ನವಲೂರ ಸೇತುವೆ ಏರುವಾಗ ಮಿಣುಕುವ ‘ಡಿ’

ಮೊದಲ ಸಲ ಕಂಡಿದ್ದು ಜೂನ್ ಎರಡನೇ ವಾರ. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಸಂಜೆ ಕಾರಿನಲ್ಲಿ ಧಾರವಾಡಕ್ಕೆ ವಾಪಸ್ ಬರುತ್ತಿದ್ದೆ. ನವಲೂರ ಸೇತುವೆ ಏರುವಾಗ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದೆ. ಮೀಟರ್ ಬೋರ್ಡಿನಲ್ಲಿ ಹಸಿರಾಗಿ ಸುಮ್ನೆ ಉರಿಯಬೇಕಾದ, ಗೇರ್ ಲಿವರ್ ಡ್ರೈವ್‌ನಲ್ಲಿದೆ (ಮುಂದಕ್ಕೆ ಓಡುವುದು) ಅಂತ ತೋರಿಸುವ ‘ಡಿ’ ಅಕ್ಷರ ಮಿಣುಕ್ ಮಿಣುಕ್ ಅನ್ನಲು ಶುರು ಮಾಡಿತು. ಗಾಡಿ ನಿಲ್ಲಲಿಲ್ಲ, ಶಬ್ದವೂ ಬರಲಿಲ್ಲ. ಮುಂದಿನ ಸಿಗ್ನಲ್‌ನಲ್ಲಿ ನಿಂತು ಹೊರಟಾಗ ಮಾತ್ರ ಲೋಡ್ ಹೊತ್ತ ಚಕ್ಕಡಿ ಹಾಗೆ ನಿಧಾನಕ್ಕೆ ಎದ್ದಿತು. ಮೂರನೇ ಗೇರಿನಲ್ಲೇ ಕೂತುಬಿಟ್ಟಿತ್ತು. ಮನೆ ಮುಂದೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಡಿ ನೆಟ್ಟಗೆ ಉರಿಯಿತು. ಗಾಡಿಯೂ ಸರಿಯಾಗಿ ಓಡಿತು.

ಗಾಡಿ 2009ರ ಮಾಡೆಲ್, ಪೆಟ್ರೋಲ್, 4 ಗೇರಿನ ಆಟೋಮ್ಯಾಟಿಕ್. ಓಡಿದ್ದು 1,18,000 ಕಿಮೀ ಮೇಲೆ. ನನ್ನ ಎಡ ಮೊಣಕಾಲು ಕೈಕೊಟ್ಟ ಮೇಲೆ ಕ್ಲಚ್ ಬೇಡ ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೊನೆಗೆ ಸಿಕ್ಕ ತಪ್ಪು ಕಂಪನಿಯದ್ದಲ್ಲ.

ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಅದರದ್ದೇ ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ. ಒಳಗಿನ ಶಾಫ್ಟ್‌ಗಳು ಎಷ್ಟು ವೇಗವಾಗಿ ತಿರುಗುತ್ತಿವೆ, ಲಿವರ್ ಎಲ್ಲಿದೆ, ಎಣ್ಣೆ ಎಷ್ಟು ಬಿಸಿ ಅಂತ ಅದು ಸದಾ ಕೇಳುತ್ತಿರುತ್ತದೆ. ಯಾವುದಾದರೂ ಉತ್ತರ ತಾಳೆಯಾಗದೇ ಹೋದರೆ ಗೇರ್ ಬದಲಿಸುವುದನ್ನು ಬಿಟ್ಟು ಒಂದೇ ಗೇರಿನಲ್ಲಿ ನಿಲ್ಲುತ್ತದೆ, ದೀಪ ಮಿಣುಕಿಸುತ್ತದೆ. ಲಿಂಪ್ ಮೋಡ್ ಅಂತಾರೆ, ಅಂದರೆ ಕುಂಟುತ್ತಾ ಮನೆ ಸೇರು ಅಂತ. ಆದ್ದರಿಂದ ದೀಪ ಮಿಣುಕಿತು ಅಂದಾಕ್ಷಣ ಗೇರ್ ಬಾಕ್ಸ್ ಹೋಯಿತು ಅಂತ ಅರ್ಥವಲ್ಲ. ಕಂಪ್ಯೂಟರಿಗೆ ಒಂದು ಉತ್ತರ ಸಿಗಲಿಲ್ಲ, ಅಷ್ಟೇ. ಆದರೆ ಆ ಸಂಜೆ ನನಗೆ ಇಷ್ಟು ಸಮಾಧಾನ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು, ಮುಂದೆ ನನ್ನ ಮರ್ಯಾದೆ ಹೋಗುವುದು ಅದರಿಂದಲೇ. ನಾನು 22 ವರ್ಷ ಟೆಲಿಫೋನ್ ಕೇಬಲ್ ಜೋಡಿಸಿದವನು. ಮಳೆ ಬಂದಾಗ ಗೊರಗೊರ ಅಂದು, ಬಿಸಿಲು ಬಿದ್ದ ಕೂಡಲೇ ಸರಿಯಾಗುವ ಲೈನುಗಳನ್ನು ಹುಡುಕುತ್ತಾ ಅರ್ಧ ಆಯುಷ್ಯ ಕಳೆದಿದ್ದೇನೆ. ಬಂದು ಹೋಗುವ ಫಾಲ್ಟ್ ಅಂದರೆ ಏನು ಅಂತ ನನಗೆ ಗೊತ್ತಿರಬೇಕಿತ್ತು.

ಮೊದಲು ಎಣ್ಣೆ. ಎಂಜಿನ್ ಬಿಸಿ ಮಾಡಿ, ಸಮನಾದ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲಾ ಗೇರಿಗೂ ಒಮ್ಮೆ ಒಯ್ದು ಪಾರ್ಕ್‌ಗೆ ತಂದು ಡಿಪ್‌ಸ್ಟಿಕ್ ಎಳೆದೆ. ನನ್ನ ಗಾಡಿಯ ಪುಸ್ತಕದಲ್ಲಿ ಹೀಗೇ ನೋಡಬೇಕು ಅಂತ ಇದೆ. ಕೆಲವು ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿ ನೋಡಬೇಕು, ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ, ನಿಮ್ಮ ಪುಸ್ತಕ ನೋಡಿಕೊಳ್ಳಿ. ಅಳತೆ ಎರಡು ಗೆರೆಗಳ ನಡುವೆ ಇತ್ತು. ಬಿಳಿ ಬಟ್ಟೆಗೆ ಒರೆಸಿದರೆ ಕೆಂಪಿಗೆ ಸ್ವಲ್ಪ ಕಂದು ತಿರುಗಿದ ಬಣ್ಣ. ಮೂಸಿ ನೋಡಿದೆ, ಸುಟ್ಟ ವಾಸನೆ ಇಲ್ಲ. ಬೆರಳಿಗೆ ಕಪ್ಪು ಪುಡಿಯೂ ಹತ್ತಲಿಲ್ಲ. ಎಣ್ಣೆ ಹಳೆಯದು, ಆದರೆ ಸತ್ತಿಲ್ಲ.

ಆಮೇಲೆ ಬ್ಯಾಟರಿ. ಹಳೆ ಗಾಡಿಯಲ್ಲಿ ವೋಲ್ಟೇಜ್ ಕುಸಿದರೆ ಕಂಪ್ಯೂಟರುಗಳು ಇಲ್ಲಸಲ್ಲದ ದೀಪ ಹಚ್ಚುತ್ತವೆ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ 12.5 ವೋಲ್ಟ್, ಸ್ಟಾರ್ಟ್ ಮಾಡುವ ಕ್ಷಣಕ್ಕೆ 10.4, ಎಂಜಿನ್ ಓಡುವಾಗ 14.1. ಲೈಟು, ಎಸಿ, ಹಿಂದಿನ ಗಾಜಿನ ಹೀಟರ್ ಎಲ್ಲಾ ಹಾಕಿದರೂ 13.8ಕ್ಕಿಂತ ಕೆಳಗೆ ಬರಲಿಲ್ಲ. ಇದರಲ್ಲೂ ತಪ್ಪು ಸಿಗಲಿಲ್ಲ.

ನನ್ನ ಹತ್ತಿರ ಇದ್ದದ್ದು ಮೊಬೈಲಿಗೆ ಬ್ಲೂಟೂತ್‌ನಲ್ಲಿ ಮಾತಾಡುವ ಅಗ್ಗದ ಓಬಿಡಿ ಡಬ್ಬಿ, ಗಾಡಿಯ ಕಂಪ್ಯೂಟರಿನ ಫಾಲ್ಟ್ ಕೋಡ್ ಓದುವಂಥದ್ದು. ಸ್ಟೀರಿಂಗ್ ಕೆಳಗೆ ಚುಚ್ಚಿದರೆ ಪಿ0700 ಅಂತ ಒಂದೇ ಕೋಡ್. ಇದು ಏನೂ ಹೇಳದ ಕೋಡ್. ‘ಗೇರ್ ಬಾಕ್ಸ್ ಕಂಪ್ಯೂಟರ್ ಏನೋ ಹೇಳುತ್ತಿದೆ, ಹೋಗಿ ಅದನ್ನೇ ಕೇಳು’ ಅಂತ ಎಂಜಿನ್ ಕಂಪ್ಯೂಟರ್ ಕೈ ತೋರಿಸುವುದು ಅಷ್ಟೇ. ನನ್ನ ಡಬ್ಬಿಗೆ ಗೇರ್ ಬಾಕ್ಸ್ ಕಂಪ್ಯೂಟರಿನ ಜೊತೆ ಮಾತು ಬರುತ್ತಿರಲಿಲ್ಲ.

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆ. ಅವರು ಒಂದು ರೌಂಡ್ ಓಡಿಸಿದರು. ಅವತ್ತು ದೀಪ ಬರಲೇ ಇಲ್ಲ. ಇಂಥ ಫಾಲ್ಟ್‌ಗಳು ಗ್ಯಾರೇಜ್ ಗೇಟು ಕಂಡರೆ ಹೀಗೇ, ಡಾಕ್ಟರ ಮುಂದೆ ಕೂತ ಕೂಡಲೇ ನಿಂತುಹೋಗುವ ಮಗುವಿನ ಕೆಮ್ಮಿನ ಹಾಗೆ. ಆದರೂ ಉತ್ತರ ಸಿದ್ಧವಿತ್ತು. “ಗೇರ್ ಬಾಕ್ಸ್ ಇಳಿಸಿ ನೋಡಬೇಕಾಗ್ತೈತ್ರಿ ಸರ. ಎಪ್ಪತ್ತು ಎಂಬತ್ತು ಸಾವಿರ ಹಿಡೀರಿ.” ಗಾಡಿ ಮಾರಿದರೆ ಬರುವ ಹಣದಲ್ಲಿ ಅರ್ಧ ಅದೇ ಆಗುತ್ತಿತ್ತು. ಮನೆಯಲ್ಲಿ ಕೇಳಿ ಹೇಳ್ತೀನಿ ಅಂದು ಎದ್ದು ಬಂದೆ.

ಅವತ್ತಿನಿಂದ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಡಿ ಮಿಣುಕಿದಾಗಲೆಲ್ಲಾ ಗಾಡಿ ಪಕ್ಕಕ್ಕೆ ಹಾಕಿ ಬರೆಯುವುದು. ಎಲ್ಲಿ, ಎಷ್ಟು ಹೊತ್ತಿಗೆ, ಮಳೆ ಇತ್ತೇ, ಎಷ್ಟು ವೇಗ, ಕಾಲು ಯಾವ ಪೆಡಲ್ ಮೇಲಿತ್ತು. ಮೂರು ವಾರದಲ್ಲಿ 11 ಸಲ ಬಂತು.

ಓದಿ ನೋಡಿದಾಗ ಮೊದಲು ಕಂಡದ್ದು, 11ರಲ್ಲಿ 8 ಸಲ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ. ಹೋಗುವಾಗ 3 ಮಾತ್ರ. ದಾರಿ ಅದೇ, ಸುಮಾರು 20 ಕಿಮೀ. ಸಂಜೆ ಎಂಜಿನ್ ಜಾಸ್ತಿ ಬಿಸಿಯಾಗಿರುತ್ತದೆ ಅಂದುಕೊಂಡೆ. ಆದರೆ ಒಂದು ಭಾನುವಾರ ಬೆಳಿಗ್ಗೆ 6 ಗಂಟೆಗೆ, ತಣ್ಣಗಿನ ಎಂಜಿನ್‌ನಲ್ಲಿ, ಮನೆ ಗೇಟಿನಿಂದ ರಿವರ್ಸ್ ತೆಗೆದು ಡಿ ಹಾಕಿ ಏರು ಹತ್ತಿದ ಕೂಡಲೇ ಮಿಣುಕಿತ್ತು. ಬಿಸಿಯ ವಾದ ಬಿತ್ತು. ಮಳೆ ಅಂದುಕೊಂಡೆ. ಧಾರವಾಡದ ಜುಲೈ ಅಂದಮೇಲೆ ಜಿಟಿಜಿಟಿ ಇಲ್ಲದ ದಿನವೇ ಕಡಿಮೆ, ಅದರಿಂದ ಏನೂ ಹೇಳಲಾಗುವುದಿಲ್ಲ. ಆದರೂ ಒಣಗಿದ ದಿನ 4 ಸಲ ಬಂದಿತ್ತು.

ಇನ್ನೊಂದು ಸಾಲು 11 ಸಲವೂ ಒಂದೇ ಇತ್ತು, ನಾನೇ ಬರೆದಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ. ಕಾಲು: ಆಕ್ಸಿಲರೇಟರ್. ಒಮ್ಮೆಯೂ ಬ್ರೇಕ್ ಒತ್ತುವಾಗ ಬಂದಿಲ್ಲ, ಒಂದೇ ವೇಗದಲ್ಲಿ ಹೋಗುವಾಗ ಬಂದಿಲ್ಲ. ನಿಂತು ಹೊರಡುವಾಗ, ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಮಾತ್ರ. ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ, ಬರುವಾಗ ಎಂಜಿನ್ ಜಾಸ್ತಿ ತಿಣುಕುತ್ತದೆ. ಇದನ್ನು ಬರೆದುಕೊಂಡೆ, ಆದರೆ ಇದರ ಅರ್ಥ ತಿಳಿಯಲು ಇನ್ನೂ ಒಂದು ತಿಂಗಳು ಬೇಕಾಯಿತು.

ನವನಗರದಲ್ಲಿ ಒಬ್ಬ ಗೆಳೆಯನಿಗೆ ಸಣ್ಣ ಗ್ಯಾರೇಜಿದೆ. ಅವನ ಹತ್ತಿರ ಒಳ್ಳೆಯ ಸ್ಕ್ಯಾನರ್ ಇತ್ತು. ಎರಡು ದಿನಕ್ಕೆ ಕೇಳಿ ತಂದೆ. ಗೇರ್ ಬಾಕ್ಸ್ ಕಂಪ್ಯೂಟರಿನಲ್ಲಿದ್ದದ್ದು ಪಿ0715. ಇನ್‌ಪುಟ್ ಅಥವಾ ಟರ್ಬೈನ್ ಸ್ಪೀಡ್ ಸೆನ್ಸರ್ ಸರ್ಕ್ಯೂಟ್.

ಈ ‘ಸರ್ಕ್ಯೂಟ್’ ಅನ್ನುವ ಮಾತನ್ನು ಜನ ಓದುವುದೇ ಇಲ್ಲ. ಸೆನ್ಸರ್ ಅಂತ ಕಂಡ ಕೂಡಲೇ ಸೆನ್ಸರ್ ಹೋಗಿದೆ ಅಂತ ತೀರ್ಮಾನ. ಸರ್ಕ್ಯೂಟ್ ಅಂದರೆ ಸೆನ್ಸರ್, ಅದಕ್ಕೆ ವೈರ್ ಸಿಕ್ಕಿಸುವ ಕಪ್ಲರ್, ಅಲ್ಲಿಂದ ಕಂಪ್ಯೂಟರಿನ ತನಕ ಹೋಗುವ ವೈರ್, ಕೊನೆಗೆ ಕಂಪ್ಯೂಟರ್ ಕೂಡ.

ಎಂಜಿನ್‌ಗೂ ಗೇರ್ ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ. ಎದುರುಬದುರು ಇಟ್ಟ ಎರಡು ಫ್ಯಾನ್ ಅಂದುಕೊಳ್ಳಿ, ನಡುವೆ ಗಾಳಿ ಬದಲು ಎಣ್ಣೆ. ಒಂದನ್ನು ಎಂಜಿನ್ ತಿರುಗಿಸುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಇನ್ನೊಂದು ತಿರುಗುತ್ತದೆ. ಆ ಎರಡನೆಯದೇ ಟರ್ಬೈನ್, ಅದರ ಶಾಫ್ಟಿನ ವೇಗ ಅಳೆಯುವುದೇ ಈ ಸೆನ್ಸರ್. ಪಾರ್ಕ್‌ನಲ್ಲಿ ಅದನ್ನು ಹಿಡಿದಿಡುವುದು ಏನೂ ಇಲ್ಲ, ಹೆಚ್ಚೂ ಕಡಿಮೆ ಎಂಜಿನ್‌ನಷ್ಟೇ ತಿರುಗುತ್ತದೆ. ಡಿ ಹಾಕಿ ಬ್ರೇಕ್ ಮೇಲೆ ನಿಂತರೆ ಟರ್ಬೈನ್ ಸೊನ್ನೆ. ಅದು ಸರಿಯೇ, ಅದನ್ನು ನೋಡಿ ಗಾಬರಿ ಆಗಬೇಡಿ.

ಸ್ಕ್ಯಾನರ್ ಚುಚ್ಚಿಕೊಂಡೇ ಎರಡು ದಿನ ಓಡಾಡಿದೆ, ಓದಿದ್ದನ್ನೆಲ್ಲಾ ಅದರಲ್ಲೇ ಬರೆದಿಟ್ಟುಕೊಳ್ಳುವ ಹಾಗೆ ಮಾಡಿ. ಎರಡನೇ ದಿನ ರಾಯಾಪುರದ ಹತ್ತಿರ ಸಿಕ್ಕಿತು. ಗಾಡಿ 30 ಕಿಮೀ ವೇಗದಲ್ಲಿತ್ತು. ಟರ್ಬೈನ್ ಸಾಲಿನಲ್ಲಿ ನಿಮಿಷಕ್ಕೆ 1,640 ಸುತ್ತು, ಮುಂದಿನ ಓದಿನಲ್ಲಿ 0, ಅದರ ಮುಂದಿನದರಲ್ಲಿ 1,710. ಆಮೇಲೆ ಮತ್ತೆ 0, 0, 0. ಸ್ಪೀಡೋಮೀಟರ್ ಮುಳ್ಳು ಅಲುಗಾಡಿರಲಿಲ್ಲ.

ಇದನ್ನು ನೋಡಿ ಅವತ್ತು ಚೆನ್ನಾಗಿ ನಿದ್ದೆ ಬಂತು. 30 ಕಿಮೀ ವೇಗದಲ್ಲಿ ಎಳೆಯುತ್ತಿರುವ ಗಾಡಿಯಲ್ಲಿ ಒಂದು ಉಕ್ಕಿನ ಶಾಫ್ಟ್ ಅರ್ಧ ಸೆಕೆಂಡಿನಲ್ಲಿ 1,640ರಿಂದ ಸೊನ್ನೆಗೆ ಬಂದು ಮತ್ತೆ 1,710ಕ್ಕೆ ಏರಲು ಸಾಧ್ಯವೇ ಇಲ್ಲ. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಒಳಗೂ ಇರುವ ಕ್ಲಚ್ ಪ್ಲೇಟ್ ಜಾರಿದ್ದರೆ ವೇಗ ಏರುತ್ತದೆ, ಇಳಿಯುತ್ತದೆ, ಆದರೆ ಹೀಗೆ ಕತ್ತರಿ ಹಾಕಿದಂತೆ ಸೊನ್ನೆ ಆಗುವುದಿಲ್ಲ. ಶಾಫ್ಟ್ ತಿರುಗುತ್ತಲೇ ಇತ್ತು, ಸುದ್ದಿ ಬರುವುದು ನಿಂತಿತ್ತು. ಗೇರ್ ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ಇಲ್ಲಿ ನಾನು ಸೋಮಾರಿಯಾದೆ. ಸೆನ್ಸರ್ ಗೇರ್ ಬಾಕ್ಸಿನ ಮೇಲೆಯೇ, ಕೈಗೆ ಸಿಗುವ ಜಾಗದಲ್ಲಿ, 10ರ ಪಾನಾ ಹಾಕಿ ಒಂದೇ ಬೋಲ್ಟ್ ಬಿಚ್ಚಿದರೆ ಆಯಿತು. ವೈರ್ ನೋಡಬೇಕೆಂದರೆ ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ, ಅದರ ತಟ್ಟೆ ಎಲ್ಲಾ ತೆಗೆಯಬೇಕು. 2,400 ರೂಪಾಯಿ ಕೊಟ್ಟು ಹೊಸ ಸೆನ್ಸರ್ ತರಿಸಿ, ಓ ರಿಂಗ್‌ಗೆ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಸ್ವಲ್ಪ ಗೇರ್ ಬಾಕ್ಸಿನ ಎಣ್ಣೆ ಸವರಿ ಹಾಕಿದೆ. ಕೋಡ್ ಅಳಿಸಿದೆ.

9 ದಿನ ದೀಪ ಬರಲಿಲ್ಲ. ಗೆಳೆಯನಿಗೆ ಲೈನ್ ಬಜಾರಿನ ಪೇಡೆ ಕೂಡ ಕೊಟ್ಟು ಬಂದೆ. ಹತ್ತನೇ ದಿನ ಟೋಲ್ ನಾಕಾ ಹತ್ತಿರ ಸಿಟಿ ಬಸ್ಸಿನ ಹಿಂದಿನಿಂದ ಹೊರಬರುವಾಗ ಡಿ ಮಿಣುಕಿತು. ಅದೇ ಕೋಡ್.

22 ವರ್ಷದಲ್ಲಿ ಎಷ್ಟು ಜನರ ಮನೆಯಲ್ಲಿ ‘ಫೋನ್ ಬದಲಾಯಿಸಬೇಡ್ರಿ, ಲೈನ್ ನೋಡೋಣ’ ಅಂತ ಹೇಳಿಲ್ಲ ನಾನು! ನನ್ನ ಗಾಡಿಗೆ ಬಂದಾಗ ಮೊದಲು ಫೋನೇ ಬದಲಾಯಿಸಿದೆ. ಆ 9 ದಿನ ದೀಪ ಯಾಕೆ ಬರಲಿಲ್ಲ ಅನ್ನುವುದೂ ಆಮೇಲೆ ತಿಳಿಯಿತು. ಕಪ್ಲರ್ ಎಳೆದು ಹಾಕುವಾಗ ವೈರ್ ಕೂಡ ಒಂದಿಷ್ಟು ಜರುಗಿತ್ತು. ಅಷ್ಟಕ್ಕೇ ಒಳಗಿನ ತುದಿಗಳು ಮತ್ತೆ ಮುಟ್ಟಿಕೊಂಡು ಕೂತಿದ್ದವು. ಬಂದು ಹೋಗುವ ಫಾಲ್ಟ್‌ನಲ್ಲಿ ಇದೇ ಮೋಸ, ಕೊನೆಗೆ ಏನು ಮಾಡಿದ್ದೆವೋ ಅದೇ ಮದ್ದು ಅನ್ನಿಸಿಬಿಡುತ್ತದೆ.

ಆಗಸ್ಟ್ ಮೊದಲ ಭಾನುವಾರ ಏರ್ ಫಿಲ್ಟರ್ ಡಬ್ಬಿ ತೆಗೆದೆ. ಕೆಳಗೆ ಒಂದು ಹಿಡಿ ಶೇಂಗಾ ಸಿಪ್ಪೆ, ಒಂದು ತುಂಡು ಥರ್ಮೋಕೋಲ್. ಇಲಿ ಸಂಸಾರ ಮಾಡಿತ್ತು. ಸಿಕ್ಕಿತು ಕಳ್ಳ ಅಂದುಕೊಂಡೆ. ಒಂದೊಂದೇ ವೈರನ್ನು ಟಾರ್ಚ್ ಹಿಡಿದು ನೋಡಿದೆ. ಗಾಜಿಗೆ ನೀರು ಚಿಮ್ಮಿಸುವ ವಾಶರ್ ಪೈಪನ್ನು ಎರಡು ಕಡೆ ಕಚ್ಚಿತ್ತು, ವೈರ್ ಒಂದನ್ನೂ ಮುಟ್ಟಿಲ್ಲ. ಪಕ್ಕದ ಮನೆಯ ಅಜ್ಜಾರು ಬಾನೆಟ್ ಒಳಗೆ ತಂಬಾಕಿನ ಎಲೆ ಕಟ್ಟಲು ಹೇಳಿದರು. ಕಟ್ಟಿದೆ. ಇಲಿ ಹೋಯಿತೋ ಇಲ್ಲವೋ, ಎಸಿ ಹಾಕಿದಾಗಲೆಲ್ಲಾ ಗಾಡಿ ಒಳಗೆ ಬೀಡಿ ಅಂಗಡಿ ವಾಸನೆ.

ಗೇರ್ ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಹಸಿರು ಕಿಲುಬು ಹಿಡಿದಿತ್ತು. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಗೇರ್ ಬಾಕ್ಸ್ ಮೈಗೆ ಹಿಡಿದು, ಎಂಜಿನ್ ಓಡಿಸಿ ಲೈಟು ಫ್ಯಾನು ಎಲ್ಲಾ ಹಾಕಿ ನೋಡಿದರೆ 0.31 ವೋಲ್ಟ್ ಬೀಳುತ್ತಿತ್ತು. 0.1 ಒಳಗೆ ಇರಬೇಕು. ಎಮರಿ ಪೇಪರ್ ಹಾಕಿ ತಿಕ್ಕಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. 0.03ಕ್ಕೆ ಬಂತು. ಖುಷಿಯಾಯಿತು. ಬುಧವಾರ ನವಲೂರ ಸೇತುವೆ ಮೇಲೆ ಡಿ ಮತ್ತೆ ಮಿಣುಕಿತು. ಆ ಕೆಲಸ ಹೇಗೂ ಮಾಡಬೇಕಾಗಿದ್ದೇ, ಆದರೆ ನಾನು ಹುಡುಕುತ್ತಿದ್ದ ಕಳ್ಳ ಅದಲ್ಲ.

ಮುಂದಿನ ಭಾನುವಾರ ಸೆನ್ಸರಿನ ಕಪ್ಲರಿಗೆ ಕೂತೆ. ಇದು ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತದ ಬಲ ಏರಿಳಿಯುವುದನ್ನು ಗುರುತಿಸಿ ವೇಗ ಹೇಳುವಂಥದ್ದು, 3 ವೈರ್. ಒಂದರಲ್ಲಿ ಕಂಪ್ಯೂಟರಿನಿಂದ 5 ವೋಲ್ಟ್ ಬರುತ್ತದೆ, ಒಂದು ಅರ್ಥ್, ಒಂದು ಸಿಗ್ನಲ್. ಇಂಥ ಸೆನ್ಸರಿನ ಓಮ್ (ಕರೆಂಟಿಗೆ ಎಷ್ಟು ತಡೆ) ನೋಡುವುದರಲ್ಲಿ ಅರ್ಥವಿಲ್ಲ, ಒಳಗೆ ಎಲೆಕ್ಟ್ರಾನಿಕ್ಸ್ ಇದೆ, ಮೀಟರಿನ ಕರೆಂಟು ಅದಕ್ಕೆ ಒಳ್ಳೆಯದೂ ಅಲ್ಲ. 2 ವೈರಿನ, ಬರೀ ಸುರುಳಿ ಇರುವ ಸೆನ್ಸರ್ ಆದರೆ ಮಾತ್ರ ಓಮ್ ಲೆಕ್ಕಕ್ಕೆ ಬರುತ್ತದೆ. ಕಪ್ಲರ್ ಹಾಕಿದ ಹಾಗೇ ಇಟ್ಟು, ಹಿಂದಿನಿಂದ ವೈರ್ ಪಕ್ಕದಲ್ಲಿ ಗುಂಡುಸೂಜಿ ನಿಧಾನಕ್ಕೆ ತೂರಿಸಿ ಮೀಟರ್ ಕಡ್ಡಿ ಮುಟ್ಟಿಸಿದೆ. ವೈರ್ ಮೈಗೇ ಸೂಜಿ ಚುಚ್ಚಬೇಡಿ. ಆ ತೂತಿನಲ್ಲಿ ನೀರು ಇಳಿದು ಆರು ತಿಂಗಳಿಗೆ ಇನ್ನೊಂದು ಫಾಲ್ಟ್ ಹುಟ್ಟುತ್ತದೆ.

ಕೀ ಆನ್. 4.98 ವೋಲ್ಟ್. ವೈರಿನ ಕಟ್ಟನ್ನು ಹಿಡಿದು ಅಲುಗಾಡಿಸಿದೆ, 4.98. ತಿರುಚಿದೆ, 4.98. ಎಂಜಿನ್ ಸ್ಟಾರ್ಟ್ ಮಾಡಿ ಪಾರ್ಕ್‌ನಲ್ಲೇ ರೇಸ್ ಮಾಡಿದೆ, 4.98. ಅರ್ಥ್ ಕೂಡ ಸರಿ. ಒಂದೂವರೆ ಗಂಟೆ ಬಗ್ಗಿ ಸೊಂಟ ಹಿಡಿದುಕೊಂಡಿತು, ಫಾಲ್ಟ್ ಮಾತ್ರ ಸಿಗಲಿಲ್ಲ.

ಹುಬ್ಬಳ್ಳಿಯಲ್ಲಿ ಹಳೆ ಪಿ.ಬಿ. ರಸ್ತೆ ಮಗ್ಗಲಲ್ಲಿ ಲಾರಿಗಳ ವೈರಿಂಗ್ ಮಾಡುವ ಒಬ್ಬ ಕಾಕಾ ಇದ್ದಾರೆ. ಸ್ಕ್ಯಾನರ್ ಗೀನರ್ ಇಲ್ಲ, ಒಂದು ಟೆಸ್ಟ್ ಲ್ಯಾಂಪ್, ಒಂದು ಇಕ್ಕಳ, ಒಂದು ಸ್ಟೂಲು. ಚಾ ಕುಡಿಯುತ್ತಾ ಎಲ್ಲಾ ಹೇಳಿದೆ. ನೋಟ್‌ಬುಕ್ ತೋರಿಸಿದೆ. ಅವರು ಓದಲಿಲ್ಲ, “ನೀವಾ ಓದ್ರಿ” ಅಂದರು. ಓದಿದೆ. ‘ಆಕ್ಸಿಲರೇಟರ್’ ಅನ್ನುವುದು ನಾಲ್ಕನೇ ಸಲ ಬಂದಾಗ ಕೈ ಎತ್ತಿದರು.

“ಎಂಜಿನ್ ಮಲಗಾಕತ್ತೈತ್ರಿ ಅದು.”

“ಅಂದ್ರ?”

“ಗಾಡಿ ಎಳೀವಾಗ ಎಂಜಿನ್ ಒಂದ್ ಕಡೆ ವಾಲ್ತೈತಿ. ಎಂಜಿನ್ ಕೂತಿರೋ ಫೌಂಡೇಶನ್ ರಬ್ಬರ್ ಹೋಗಿದ್ರ ಇನ್ನೂ ಜಾಸ್ತಿ ವಾಲ್ತೈತಿ. ಎಂಜಿನ್ ಜೋಡಿ ವೈರ್ ಹೋಗ್ತೈತಿ, ಬಾಡಿಗೆ ಕಟ್ಟಿದ್ದು ಅಲ್ಲೇ ಇರ್ತೈತಿ. ನಡುವ ಯಾವುದೋ ಒಂದು ಹರದೈತಿ. ನೀವು ಪಾರ್ಕಿಂಗ್‌ನ್ಯಾಗ ನಿಲ್ಲಿಸಿ ಅಲುಗಾಡಿಸಿದ್ರ ಸಿಗಂಗಿಲ್ರಿ, ಎಂಜಿನ್ ಎಳೀಬೇಕು, ಆವಾಗ ನೋಡಬೇಕು.”

ಆಮೇಲೆ ಎದ್ದು ಹೋಗಿ ಒಂದು ಹಳೆ ವೈರ್ ತುಂಡು ತಂದು ನನ್ನ ಕೈಗೆ ಕೊಟ್ಟರು. “ಜಗ್ರಿ, ನಿಧಾನಕ್ಕ.” ಜಗ್ಗಿದೆ. ಸುಮ್ಮನೆ ಬಿಗಿಯಾಯಿತು. ಇನ್ನೊಂದು ತುಂಡು ಕೊಟ್ಟರು. ಅದು ಒಂದು ಕಡೆ ರಬ್ಬರಿನ ಹಾಗೆ ಹಿಗ್ಗಿತು. “ಅಲ್ಲಿ ತಾಮ್ರ ಇಲ್ಲ” ಅಂದರು. ಅವರು ಚಾದ ದುಡ್ಡನ್ನೂ ಕೊಡಗೊಡಲಿಲ್ಲ.

ನನ್ನ ಗಾಡಿಯಲ್ಲಿ ಎಂಜಿನ್ ಅಡ್ಡಡ್ಡ ಕೂತಿದೆ. ಹಾಗಾಗಿ ಮುಂದಕ್ಕೆ ಎಳೆಯುವಾಗ ಒಂದು ಕಡೆ, ರಿವರ್ಸ್‌ನಲ್ಲಿ ಅದರ ಎದುರು ಕಡೆ ವಾಲುತ್ತದೆ. ಇದನ್ನು ನಿಂತ ಜಾಗದಲ್ಲೇ ಮಾಡಿ ನೋಡಬಹುದು. ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೆ, ಹ್ಯಾಂಡ್ ಬ್ರೇಕ್ ಎಳೆದೆ. ಮಗಳು ಸ್ಟೀರಿಂಗ್ ಮುಂದೆ ಕೂತಳು, ಬ್ರೇಕ್ ಪೂರ್ತಿ ಒತ್ತಿಕೊಂಡು. ನಾನು ಗಾಡಿಯ ಮುಂದೆ ನಿಲ್ಲಲಿಲ್ಲ, ಪಕ್ಕದಿಂದ ಬಗ್ಗಿದೆ. ಇದನ್ನು ನೀವು ಮಾಡುವುದಾದರೆ ಒಬ್ಬರೇ ಮಾಡಬೇಡಿ, ಗಾಡಿಯ ಎದುರು ಹಿಂದೆ ಯಾರೂ ಇರಬಾರದು. ಡಿಯಲ್ಲಿ ಬ್ರೇಕ್ ಹಿಡಿದು ಜಾಸ್ತಿ ಹೊತ್ತು ರೇಸ್ ಕೊಡಲೂ ಬಾರದು, ಟಾರ್ಕ್ ಕನ್ವರ್ಟರಿನ ಎಣ್ಣೆ ಕ್ಷಣದಲ್ಲಿ ಕಾಯುತ್ತದೆ. ಎರಡು ಮೂರು ಸೆಕೆಂಡು ಸಾಕು.

ಬ್ರೇಕ್ ಮೇಲೆ ನಿಂತಾಗ ಟರ್ಬೈನ್ ಸೊನ್ನೆ ಇರುವುದರಿಂದ ಸ್ಕ್ಯಾನರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೀಟರೇ ಬೇಕು. ಸೂಜಿ ಅದೇ 5 ವೋಲ್ಟ್ ವೈರಿನ ಹಿಂದೆ.

“ಅಪ್ಪಾ, ಡಿ ಹಾಕ್ಲೇನು?”

“ಹಾಕು. ಸ್ವಲ್ಪ ರೇಸ್ ಕೊಡು. ಸಾಕು, ಬಿಡು.”

ಎಂಜಿನ್ ಗುಡುಗುಟ್ಟಿ ಒಂದು ಕಡೆ ಎದ್ದಿತು. ಅದು ಇಷ್ಟು ಏಳುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ, ಎರಡು ಬೆರಳಿನಷ್ಟು ಎದ್ದು ಧಪ್ ಅಂತ ಕೂತಿತು. ಮೀಟರಿನಲ್ಲಿ 4.98. ರಿವರ್ಸ್. 4.98. ಮತ್ತೆ ಡಿ, ರೇಸ್. ಅಂಕಿ ಒಮ್ಮೆ ಹಾರಿತು. 0.00 ಕಂಡ ಹಾಗಾಯಿತು, ಅಷ್ಟರಲ್ಲಿ 4.98. “ಇನ್ನೊಂದ್ ಸಲ!” ಅಂತ ಕೂಗಿದೆ. ಈ ಸಲ ಎಂಜಿನ್ ಎದ್ದಷ್ಟು ಹೊತ್ತೂ 0.00 ನಿಂತೇ ಇತ್ತು. ಕೂತ ಕೂಡಲೇ 4.98. ಮಗಳು ಕಿಟಕಿಯಿಂದ ತಲೆ ಹಾಕಿ, “ಡಿ ಮಿಣುಕಾಕತ್ತೈತಿ ಅಪ್ಪಾ” ಅಂದಳು. ಎರಡು ತಿಂಗಳಲ್ಲಿ ಆ ಮಾತು ಕೇಳಿ ಖುಷಿಯಾಗಿದ್ದು ಅದೇ ಮೊದಲು.

5 ವೋಲ್ಟ್ ವೈರ್ ಅರ್ಥ್‌ಗೆ ತಾಗಿ ಶಾರ್ಟ್ ಆಗಿದ್ದರೆ ಅದೇ ಲೈನ್ ಹಂಚಿಕೊಂಡ ಬೇರೆ ಸೆನ್ಸರ್‌ಗಳೂ ಸತ್ತು ಇನ್ನೂ ನಾಲ್ಕು ಕೋಡ್ ಬರುತ್ತಿದ್ದವು. ಬಂದಿರಲಿಲ್ಲ. ಅಂದರೆ ಈ ಒಂದೇ ವೈರ್, ಕವಲು ಒಡೆದ ಮೇಲೆ, ಒಳಗೆ ಕಡಿದಿದೆ.

ಬ್ಯಾಟರಿ ಮೈನಸ್ ಮೊದಲು ಬಿಚ್ಚಿ, ಬ್ಯಾಟರಿ ಎತ್ತಿ, ತಟ್ಟೆ ತೆಗೆದೆ. ಅಲ್ಲಿತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಅಳತೆಗಿಂತ ದೊಡ್ಡ ಬ್ಯಾಟರಿ ಹಾಕಲು ತಟ್ಟೆಯ ಕೆಳಗಿನ ಕಬ್ಬಿಣದ ಪಟ್ಟಿಯನ್ನು ಹೊಡೆದು ಬಗ್ಗಿಸಿದ್ದರು. ಆ ಪಟ್ಟಿಯ ಅಂಚು ವೈರಿನ ಕಟ್ಟಿನ ಮೇಲೆ ಕೂತಿತ್ತು. ಕಟ್ಟು ಅಲ್ಲಿ ಸಿಕ್ಕಿಬಿದ್ದು, ಎಂಜಿನ್ ಎದ್ದಾಗಲೆಲ್ಲಾ ಅದೇ ಒಂದು ಜಾಗದಲ್ಲಿ ಮಡಿಚಿಕೊಳ್ಳುತ್ತಿತ್ತು. ಹೊರಗಿನ ಟೇಪು ಸವೆದು ಹೊಳೆಯುತ್ತಿತ್ತು, ಅಷ್ಟೇ. ಟೇಪು ಬಿಚ್ಚಿದರೆ ಮೂರು ವೈರೂ ಇಡಿಯಾಗಿ ಕಂಡವು. ಬರೀ ಕಣ್ಣಲ್ಲಿ ನೋಡಿ ಇನ್ನೊಂದು ಸಲವೂ ಬಿಟ್ಟುಬಿಡುತ್ತಿದ್ದೆ.

ಕಾಕಾ ಹೇಳಿದ ಹಾಗೆ ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ಜಗ್ಗಿದೆ. ಮೊದಲನೆಯದು ಬಿಗಿ. ಎರಡನೆಯದು ಬಿಗಿ. ಮೂರನೆಯದು, ಕೆಂಪು ಗೆರೆಯ ಹಳದಿ ವೈರ್, ಪಟ್ಟಿಯ ಅಂಚಿದ್ದ ಜಾಗದಲ್ಲೇ ಸಣ್ಣಗೆ ಸೊರಗಿ ಉದ್ದವಾಯಿತು. ಬಿಟ್ಟರೆ ಮತ್ತೆ ಮೊದಲಿನ ಹಾಗೆ. ಬ್ಲೇಡಿನಿಂದ ಹೊದಿಕೆ ಉದ್ದಕ್ಕೆ ಸೀಳಿದೆ. ಒಳಗಿನ ಎಳೆಗಳೆಲ್ಲಾ ತುಂಡಾಗಿ, ತುದಿಗಳು ಕಪ್ಪಾಗಿ, ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಹೊದಿಕೆಯ ಬಿಗಿಗೇ ಇಷ್ಟು ದಿನ ಕರೆಂಟು ದಾಟುತ್ತಿತ್ತು.

ಜೋಡಿಸುವ ಕೆಲಸ ನನಗೆ ಹೊಸದಲ್ಲ, ಆದರೂ ಒಂದು ಮಾತು. ಕಡಿದ ಎರಡು ತುದಿಯನ್ನೇ ಎಳೆದು ಗಂಟು ಹಾಕಿ ಟೇಪ್ ಸುತ್ತಿದರೆ ಅದು ರಿಪೇರಿ ಅಲ್ಲ. ವೈರ್ ಇನ್ನೂ ಬಿಗಿಯಾಗಿ ಬೇಗ ಹೋಗುತ್ತದೆ. ತಾಮ್ರ ಹೊಳೆಯುವ ತನಕ ಎರಡೂ ಕಡೆ ಕತ್ತರಿಸಿದೆ, 4 ಸೆಂಟಿಮೀಟರ್ ಹೋಯಿತು. ಅಷ್ಟೇ ದಪ್ಪದ 0.5 ಸ್ಕ್ವೇರ್ ಎಂಎಂ ಗಾಡಿ ವೈರ್ 8 ಸೆಂಟಿಮೀಟರ್ ಸೇರಿಸಿದೆ. ಬೆಸುಗೆ ಹಾಕಲಿಲ್ಲ. ಬೆಸುಗೆ ವೈರಿನ ಒಳಕ್ಕೆ ಹರಿದು ಗಟ್ಟಿಯಾಗುತ್ತದೆ, ಆ ಗಟ್ಟಿ ಮುಗಿಯುವ ಜಾಗದಲ್ಲಿ ಅಲುಗಾಟಕ್ಕೆ ಮತ್ತೆ ಕಡಿಯುತ್ತದೆ. ಬೆಸುಗೆಯೇ ಚೆಂದ ಅನ್ನುವವರಿದ್ದಾರೆ, ಅಲುಗಾಡದ ಜಾಗದಲ್ಲಿ ನಾನೂ ಹಾಕುತ್ತೇನೆ. ಇಲ್ಲಿ ಕ್ರಿಂಪ್ ಮಾಡಿ, ಅಂದರೆ ಲೋಹದ ಸಣ್ಣ ಕೊಳವೆಯಲ್ಲಿ ತುದಿಗಳನ್ನಿಟ್ಟು ಒತ್ತಿ ಕೂಡಿಸಿ, ಮೇಲೆ ಒಳಗಡೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ. ಬಿಸಿ ತಗುಲಿಸಿದರೆ ಅಂಟು ಕರಗಿ ತುದಿಯಲ್ಲಿ ಇಣುಕುತ್ತದೆ, ಅಷ್ಟಾದರೆ ನೀರು ಒಳಗೆ ಹೋಗುವುದಿಲ್ಲ. ಹಾಗೇ ಇದ್ದ ಇನ್ನೆರಡು ವೈರುಗಳನ್ನೂ ಆ ಜಾಗದಲ್ಲಿ ಬದಲಾಯಿಸಿದೆ, ಒಂದರ ಜೋಡು ಇನ್ನೊಂದರ ಪಕ್ಕ ಬಾರದ ಹಾಗೆ ಹಿಂದೆ ಮುಂದೆ ಮಾಡಿ. ಮೇಲೆ ಬಟ್ಟೆ ಟೇಪು, ಅದರ ಮೇಲೆ ಸುಕ್ಕು ಸುಕ್ಕಿನ ಕಪ್ಪು ಪೈಪು. ಎಲ್ಲಾ ಸೇರಿ 140 ರೂಪಾಯಿ.

ಪಟ್ಟಿಯನ್ನು ಸುತ್ತಿಗೆಯಿಂದ ನೇರ ಮಾಡಿ, ಅಂಚಿಗೆ ಅರ ಹಾಕಿ, ಬಣ್ಣ ಬಳಿದೆ. ವೈರಿನ ಕಟ್ಟನ್ನು ಅಲ್ಲಿಂದ ಸರಿಸಿ, ಎಂಜಿನ್ ಎದ್ದರೂ ಬಿಗಿಯಾಗದಷ್ಟು ಸಡಿಲ ಬಿಟ್ಟು ಕಟ್ಟಿದೆ.

ಎಂಜಿನ್ ಫೌಂಡೇಶನ್ ರಬ್ಬರ್ ಬಗ್ಗೆ ಕಾಕಾ ಹೇಳಿದ್ದೂ ನಿಜವಾಯಿತು. ಹಿಂದಿನ ಕಡೆಯದು ಅರ್ಧಕ್ಕರ್ಧ ಹರಿದಿತ್ತು. ಅದಕ್ಕೆ ಎಂಜಿನ್ ಎತ್ತಿ ಹಿಡಿಯಬೇಕು, ನನ್ನ ಮನೆಯ ಜಾಕ್‌ನಲ್ಲಿ ಅಂಥ ಕೆಲಸ ಬೇಡ ಅಂತ ನವನಗರಕ್ಕೆ ಒಯ್ದೆ. ರಬ್ಬರ್ 1,850, ಕೂಲಿ 600. ಇದನ್ನು ಬದಲಾಯಿಸಿದ ಮೇಲೆ ಸಿಗ್ನಲ್‌ನಲ್ಲಿ ಸ್ಟೀರಿಂಗ್ ನಡುಗುತ್ತಿದ್ದದ್ದೂ ನಿಂತಿತು. ಅದನ್ನು ನಾನು ವಯಸ್ಸಿನ ನಡುಕ ಅಂದುಕೊಂಡಿದ್ದೆ, ಗಾಡಿಯದ್ದು.

ಬ್ಯಾಟರಿ ತೆಗೆದು ಹಾಕಿದ್ದರಿಂದ ಮೊದಲ ಎರಡು ಮೂರು ದಿನ ಗೇರ್ ಬೀಳುವುದು ಸ್ವಲ್ಪ ಒರಟಾಗಿತ್ತು. ಕಲಿತದ್ದನ್ನು ಕಂಪ್ಯೂಟರ್ ಮರೆತಿರುತ್ತದೆ, ಓಡಿಸುತ್ತಾ ಮತ್ತೆ ಕಲಿಯುತ್ತದೆ. ಇದನ್ನು ಕಂಡು ಹೊಸ ಫಾಲ್ಟ್ ಅಂತ ಓಡಬೇಡಿ.

ಸೆಪ್ಟೆಂಬರ್‌ನಲ್ಲಿ ಒಂದು ಕೆಟ್ಟ ಕುತೂಹಲ ಹತ್ತಿತು. ಹಳೆ ಸೆನ್ಸರ್ ನಿಜವಾಗಿಯೂ ಕೆಟ್ಟಿತ್ತೇ? ಹೊಸದನ್ನು ಬಿಚ್ಚಿ ಹಳೆಯದನ್ನೇ ಹಾಕಿದೆ. ಮಳೆಯಲ್ಲಿ, ಬಿಸಿಲಲ್ಲಿ, ನವಲೂರ ಸೇತುವೆ ಮೇಲೆ ಬೇಕಂತಲೇ ಆಕ್ಸಿಲರೇಟರ್ ಒತ್ತಿ, ಒಂದು ತಿಂಗಳು ಓಡಿಸಿದೆ. ಡಿ ಒಮ್ಮೆಯೂ ಮಿಣುಕಲಿಲ್ಲ. 2,400 ರೂಪಾಯಿಯ ಹೊಸ ಸೆನ್ಸರ್ ಈಗ ಡಬ್ಬಿಯಲ್ಲಿ, ಕಪಾಟಿನಲ್ಲಿ. ನೋಟ್‌ಬುಕ್ಕಿನ ಕೊನೆಯ ಸಾಲು 1,21,340 ಕಿಮೀ, ದೀಪ ಇಲ್ಲ. ಅದರ ಕೆಳಗೆ, ವಾಶರ್ ಪೈಪ್ ತರಬೇಕು.